‘300’ ಮೆಚ್ಚಿಕೊಂಡಿದ್ದಕ್ಕೆ ನಾಚಿಕೆ ಯಾಕೆ?

ಅಣ್ಣಾ, ‘300’ ಸಿನಿಮಾ ನಿಮಗೆ ಹಿಡಿಸಿತು, ಇತಿಹಾಸ ಓದಿಕೊಂಡ ಗೆಳೆಯರೊಬ್ಬರು "ಅದೆಲ್ಲ ಬರೀ ಸುಳ್ಳು" ಎಂದು ಕಿಚಾಯಿಸಿದರು, ಈಗ ಇನ್ನೊಮ್ಮೆ ನೋಡೋಕೆ ಮುಜುಗರ ಎಂದು ಬರೆದಿದ್ದೀರಿ. ಹನ್ನೆರಡು ವರ್ಷದ ಮಗನಿಗೆ ತೋರಿಸಬಹುದಾ ಅಂತಲೂ ಕೇಳಿದ್ದೀರಿ.

ಮಗನಿಗೆ ಈಗಲೇ ಬೇಡ. ತಲೆಗಳು ಹಾರುತ್ತವೆ, ಹಾಸಿಗೆಯ ದೃಶ್ಯಗಳಿವೆ, ಒಂದು ಕಡೆ ರಾಣಿಯ ಮೇಲೆ ಬಲಾತ್ಕಾರವೂ ಇದೆ. ನಾಲ್ಕೈದು ವರ್ಷ ಕಾಯಲಿ.

ಇನ್ನು ನಿಮ್ಮ ಮುಜುಗರ. ಗೆಳೆಯರು ಹೇಳಿದ್ದರಲ್ಲಿ ತಪ್ಪಿಲ್ಲ. ಕ್ರಿ.ಪೂ. 480ರಲ್ಲಿ ಗ್ರೀಸಿನ ಥರ್ಮೊಪಿಲೆಯ ಇಕ್ಕಟ್ಟು ದಾರಿಯಲ್ಲಿ ಪರ್ಷಿಯಾದ, ಅಂದರೆ ಈಗಿನ ಇರಾನಿನ, ಸೈನ್ಯಕ್ಕೆ ಅಡ್ಡ ನಿಂತ ಸ್ಪಾರ್ಟಾ ಎಂಬ ಗ್ರೀಕ್ ರಾಜ್ಯದ ಆ ಮುನ್ನೂರು ಜನ ಬರೀ ಚಡ್ಡಿ ಹಾಕಿ ಕೆಂಪು ಶಾಲು ಹೊದ್ದು ಯುದ್ಧಕ್ಕೆ ಹೋದವರಲ್ಲ. ತಲೆಗೆ ಕಂಚಿನ ಟೋಪ, ಎದೆಗೆ ಕವಚ, ಕೈಯಲ್ಲಿ ಏಳೆಂಟು ಕಿಲೋ ತೂಗುವ ದುಂಡು ಗುರಾಣಿ. ಪರ್ಷಿಯಾದ ದೊರೆ ಕ್ಸೆರ್ಕ್ಸಿಸ್ ಗಡ್ಡ ಬಿಟ್ಟು ಉದ್ದ ನಿಲುವಂಗಿ ತೊಟ್ಟವನು. ಸಿನಿಮಾದಲ್ಲಿ ಅವನು ಬೋಳುತಲೆ, ಮೈತುಂಬ ಸರಪಳಿ, ಥೇಟ್ ಬಣ್ಣದ ವೇಷ. ಸಿನಿಮಾದಲ್ಲಿ ಬರುವ ಘೇಂಡಾಮೃಗವಂತೂ ಆ ಯುದ್ಧಕ್ಕೆ ಬಂದೇ ಇರಲಿಲ್ಲ.

ಆದರೆ ಒಂದು ಗಮನಿಸಿದ್ದೀರಾ? ಇಡೀ ಕಥೆಯನ್ನು ನಮಗೆ ಹೇಳುವವನು ಡಿಲಿಯೋಸ್ ಎಂಬ ಒಕ್ಕಣ್ಣ ಸೈನಿಕ. ಕೇಳುತ್ತಿರುವವರು ಮರುವರ್ಷ ಪ್ಲಾಟಿಯಾದಲ್ಲಿ ಅದೇ ಪರ್ಷಿಯನ್ನರ ಮೇಲೆ ಯುದ್ಧಕ್ಕೆ ಸಜ್ಜಾಗಿ ನಿಂತ ಪಡೆಯವರು. ನಾಳೆ ಸಾಯಲು ಹೊರಟವರಿಗೆ ಬೆಂಕಿಯ ಮುಂದೆ ಕೂತು ಕಥೆ ಹೇಳುವವನು ಶತ್ರುವನ್ನು ಐದೂವರೆ ಅಡಿಯ ಮನುಷ್ಯ ಅಂತಾನಾ? ನಮ್ಮ ವೀರಗಲ್ಲು ನೋಡಿ. ಕೆಳಗಿನ ಪಟ್ಟಿಯಲ್ಲಿ ವೀರ ದೊಡ್ಡದಾಗಿ ನಿಂತಿರುತ್ತಾನೆ, ಎದುರಾಳಿಗಳು ಅವನ ಸೊಂಟದವರೆಗೂ ಬರುವುದಿಲ್ಲ. ಮೇಲಿನ ಪಟ್ಟಿಯಲ್ಲಿ ಅಪ್ಸರೆಯರು ಬಂದು ಕರೆದೊಯ್ಯುತ್ತಾರೆ. ಅದರ ಮುಂದೆ ಅಳತೆಪಟ್ಟಿ ಹಿಡಿದು ಯಾರೂ ನಿಲ್ಲಲ್ಲ, ಅಲ್ವಾ? ನಾನು ಈ ಸಿನಿಮಾ ನೋಡೋದು ಹಾಗೆಯೇ.

ಇನ್ನೊಂದು ತಮಾಷೆ. ನಂಬಲಾಗದ ಹಾಗೆ ಕಾಣುವ ಕೆಲವು ಸಂಗತಿಗಳು ಹಳೆಯ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟವು. ದೂತನನ್ನು ಬಾವಿಗೆ ಒದೆಯುವ ದೃಶ್ಯ ಇದೆಯಲ್ಲ, ಅದಕ್ಕೂ ಮೂಲ ಇದೆ. ಮಣ್ಣು, ನೀರು ಕೊಟ್ಟು ಶರಣಾಗಿ ಅಂತ ಕೇಳಲು ಬಂದವರನ್ನು ಸ್ಪಾರ್ಟಾದವರು ಬಾವಿಗೆ ತಳ್ಳಿ, ಅಲ್ಲಿಂದಲೇ ತಗೊಳ್ಳಿ ಅಂದರಂತೆ. ಆದರೆ ಅವರನ್ನು ಕಳಿಸಿದ್ದು ಕ್ಸೆರ್ಕ್ಸಿಸ್‌ನ ಅಪ್ಪ ಡೇರಿಯಸ್. ಬಾಣಗಳು ಸೂರ್ಯನನ್ನೇ ಮುಚ್ಚಿದರೆ ನೆರಳಲ್ಲಿ ಕಾದಾಡೋಣ ಎಂಬ ಮಾತೂ ಅಲ್ಲಿಯದೇ.

ಆ ಒಕ್ಕಣ್ಣನನ್ನು ನೋಡಿದರೂ ಹೆರೊಡೋಟಸ್‌ನ ಒಬ್ಬ ನೆನಪಾಗುತ್ತಾನೆ. ಅರಿಸ್ಟೊಡೆಮಸ್ ಅಂತ, ಸ್ಪಾರ್ಟಾದ ಸೈನಿಕ. ಕಣ್ಣುಬೇನೆಯಿಂದ ಥರ್ಮೊಪಿಲೆಯ ಕಾಳಗಕ್ಕೆ ಇಳಿಯದೆ ಬದುಕಿ ಉಳಿದುಬಿಟ್ಟ. ಊರಿಗೆ ಬಂದರೆ ಯಾರೂ ಮಾತಾಡಿಸಲಿಲ್ಲ, ಒಲೆ ಹೊತ್ತಿಸಲು ಕೆಂಡ ಕೂಡ ಕೊಡಲಿಲ್ಲ. ಪ್ಲಾಟಿಯಾದಲ್ಲಿ ಸಾಲು ಬಿಟ್ಟು ನುಗ್ಗಿ, ಹುಚ್ಚನಂತೆ ಕಾದಾಡಿ ಸತ್ತ. ಸಾಲು ಬಿಟ್ಟ ಎಂಬ ಕಾರಣಕ್ಕೇ ಸ್ಪಾರ್ಟಾದವರು ಅವನಿಗೆ ಗೌರವ ಕೊಡಲಿಲ್ಲ! ಸಿನಿಮಾದಲ್ಲಿ ಎಲ್ಲರೂ ಸಾಲು ಬಿಟ್ಟು ಓಡೋಡಿ ಹೊಡೆದಾಡುವಾಗ ನನಗೆ ಪ್ರತಿ ಸಲ ಇವನ ನೆನಪಾಗಿ ನಗು ಬರುತ್ತದೆ.

ಮತ್ತೆ ನೋಡುವುದಾದರೆ ಮೊಬೈಲಿನಲ್ಲಿ ಬೇಡ. ಕೋಣೆ ಕತ್ತಲಾಗಲಿ, ಸ್ಪೀಕರು ಚೆನ್ನಾಗಿರಲಿ, ಎರಡು ಗಂಟೆಗೆ ಮೂರು ನಿಮಿಷ ಕಮ್ಮಿ, ಒಂದೇ ಸಲಕ್ಕೆ ಮುಗಿಸಿ. ಫ್ರ್ಯಾಂಕ್ ಮಿಲ್ಲರ್ 1998ರಲ್ಲಿ ಬರೆದ ಕಾಮಿಕ್ಸಿನ ಚಿತ್ರಗಳನ್ನೇ ಝ್ಯಾಕ್ ಸ್ನೈಡರ್ ಪರದೆಗೆ ತಂದಿದ್ದಾನೆ. ಹೆಚ್ಚುಕಮ್ಮಿ ಎಲ್ಲವೂ ಕೆನಡಾದ ಮಾಂಟ್ರಿಯಲ್‌ನಲ್ಲಿ, ಸ್ಟುಡಿಯೋ ಒಳಗೆ ತೆಗೆದದ್ದು. ಆಕಾಶ ಕಂಪ್ಯೂಟರಿನದು, ರಕ್ತವೂ ಬಹುಪಾಲು ಕಂಪ್ಯೂಟರಿನದೇ. ಆ ರಕ್ತ ನೆಲಕ್ಕೆ ಬಿದ್ದು ಒದ್ದೆಯಾಗುವುದೇ ಇಲ್ಲ, ಮಸಿ ಎರಚಿದ ಹಾಗೆ ಗಾಳಿಯಲ್ಲೇ ಮಾಯ. ಸ್ಪಾರ್ಟಾದ ದೊರೆ ಲಿಯೊನಿಡಾಸ್ ಒಬ್ಬನೇ ಮುನ್ನುಗ್ಗುವ ಉದ್ದನೆಯ ದೃಶ್ಯದಲ್ಲಿ ವೇಗ ಹೇಗೆ ತಗ್ಗಿ ಏರುತ್ತದೆ ನೋಡಿ. ಏಟು ಬೀಳುವ ಕ್ಷಣದಲ್ಲಿ ನಿಧಾನ, ಮುಂದಿನ ಹೆಜ್ಜೆಗೆ ಮತ್ತೆ ವೇಗ. ಇಷ್ಟು ವರ್ಷ ಆದರೂ ಹಳತಾಗಿಲ್ಲ.

ನನಗೆ ಚುಚ್ಚುವುದು ಬೇರೆ. ಸ್ವಾತಂತ್ರ್ಯ, ಸ್ವಾತಂತ್ರ್ಯ ಅಂತ ಕೂಗುವ ಸ್ಪಾರ್ಟಾ ನಡೆಯುತ್ತಿದ್ದುದೇ ಹೆಲಟ್ ಎಂಬ ಜೀತದಾಳುಗಳ ದುಡಿಮೆಯ ಮೇಲೆ. ಸಿನಿಮಾದಲ್ಲಿ ಅವರ ಸುಳಿವೇ ಇಲ್ಲ. ಕೊನೆಯ ದಿನ ಥೆಸ್ಪಿಯಾ ಎಂಬ ಚಿಕ್ಕ ಊರಿನ 700 ಜನ ತಾವಾಗಿಯೇ ನಿಂತು ಸತ್ತರು. ಪರ್ಷಿಯನ್ನರು ಅವರ ಊರನ್ನೂ ಸುಟ್ಟರು. ಅವರಿಗೆ ಒಂದು ನಿಮಿಷವೂ ಸಿಕ್ಕಿಲ್ಲ. ಇನ್ನು ಪರ್ಷಿಯನ್ನರಿಗೆ ಬೆಟ್ಟದ ಒಳದಾರಿ ತೋರಿಸಿದ ದ್ರೋಹಿ ಎಫಿಯಾಲ್ಟಿಸ್ ಹೆರೊಡೋಟಸ್‌ನಲ್ಲಿ ಬಹುಮಾನದ ಆಸೆಗೆ ಬಿದ್ದ ಅಲ್ಲಿನವನೊಬ್ಬ ಅಷ್ಟೇ. ಅವನನ್ನು ಗೂನು ಬೆನ್ನಿನವನಾಗಿ ಮಾಡಿ, ದೇಹ ಸೊಟ್ಟಗಿದ್ದರೆ ಮನಸ್ಸೂ ಸೊಟ್ಟ ಎಂಬಂತೆ ತೋರಿಸಿದ್ದು ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ. 2007ರಲ್ಲಿ ಇರಾನಿನವರು ಸಿಟ್ಟಾದದ್ದೂ ಅರ್ಥವಾಗುತ್ತದೆ. ನಮ್ಮ ಪೂರ್ವಜರನ್ನು ಯಾರಾದರೂ ಹೀಗೆ ರಾಕ್ಷಸರನ್ನಾಗಿ ಮಾಡಿದ್ದರೆ ನಾವು ಸುಮ್ನೆ ಇರುತ್ತಿದ್ದೆವಾ? ಇವೆಲ್ಲ ಗೊತ್ತಿದ್ದೂ ಆ ಯುದ್ಧದ ದೃಶ್ಯಗಳಿಗೆ ನಾನು ಚಪ್ಪಾಳೆ ಹೊಡೆಯುತ್ತೇನೆ. ಎರಡೂ ನಿಜ.

2014ರಲ್ಲಿ ಬಂದ ಎರಡನೇ ಭಾಗ ಬಿಟ್ಟರೂ ನಷ್ಟವಿಲ್ಲ. ಮ್ಯಾರಥಾನ್ ಯುದ್ಧದಲ್ಲಿ ಡೇರಿಯಸ್‌ಗೆ ಬಾಣ ಹೊಡೆಸಿಬಿಟ್ಟಿದ್ದಾರೆ, ಅವನು ಆ ಯುದ್ಧಕ್ಕೆ ಬಂದೇ ಇರಲಿಲ್ಲ. ಅದರ ಸುಳ್ಳಿನಲ್ಲಿ ರುಚಿಯೂ ಇಲ್ಲ.

ಅದರ ಬದಲು ಹೆರೊಡೋಟಸ್‌ನ ಇತಿಹಾಸ ಗ್ರಂಥದ ಏಳನೇ ಪುಸ್ತಕ ಓದಿ. ಮಗನಿಗೆ ಬಾವಿಯ ಕಥೆ, ನೆರಳಿನ ಮಾತು, ಯುದ್ಧಕ್ಕೆ ಮುಂಚೆ ಸ್ಪಾರ್ಟಾದವರು ಕೂತು ತಲೆ ಬಾಚಿಕೊಳ್ಳುತ್ತಿದ್ದುದನ್ನು ಕಂಡು ಪರ್ಷಿಯಾದ ಗೂಢಚಾರ ಕಕ್ಕಾಬಿಕ್ಕಿಯಾದ ಕಥೆ ಹೇಳಿ. ಹಾಗೆಯೇ ಕ್ಸೆರ್ಕ್ಸಿಸ್‌ನ ಸೈನ್ಯದ ಪಟ್ಟಿ ಬರುವ ಕಡೆ ಸ್ವಲ್ಪ ನಿಲ್ಲಿ. ಅದರಲ್ಲಿ ಭಾರತದವರೂ ಇದ್ದಾರೆ. ಹತ್ತಿಬಟ್ಟೆ ಉಟ್ಟು, ಬೆತ್ತದ ಬಿಲ್ಲು, ಕಬ್ಬಿಣದ ಮೊನೆಯ ಬೆತ್ತದ ಬಾಣ ಹಿಡಿದು ಬಂದವರು. ಘೇಂಡಾಮೃಗಕ್ಕೆ ಜಾಗ ಕೊಟ್ಟ ಸಿನಿಮಾ ಇವರನ್ನು ಬಿಟ್ಟುಬಿಟ್ಟಿದೆ ನೋಡಿ.