ಎಣಿಸದೆ ಹೆಣೆದರೆ ಮಫ್ಲರ್ ತ್ರಿಕೋನವಾಗುತ್ತದೆ

ದಸರಾ ರಜೆ ಶುರುವಾದ ಕೂಡಲೇ ನನಗೆ ಪತ್ರಗಳು ಬರತೊಡಗುತ್ತವೆ, ಸಂಕ್ರಾಂತಿ ಮುಗಿಯುವವರೆಗೂ ನಿಲ್ಲುವುದಿಲ್ಲ. ಉಲ್ಲನ್ ತಂದೆವು, ಕ್ರೋಶಾ ಸೂಜಿ ತಂದೆವು, ಮೊಬೈಲಿನಲ್ಲಿ ವಿಡಿಯೊ ನೋಡಿದೆವು, ಆದರೂ ಕೆಟ್ಟಿತು. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ 22 ವರ್ಷಗಳಿಂದ ಹೆಣಿಗೆ ಕಲಿಸುತ್ತಿದ್ದೇನೆ. ಈ ಒಂದು ಪ್ರಶ್ನೆಗೆ ಎಷ್ಟು ಸಲ ಬಾಯಿಮಾತಿನಲ್ಲಿ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಸೂಜಿ ಹಿಡಿಯುವುದು, ಮೊದಲ ಗಂಟು ಹಾಕುವುದು, ಸರಪಳಿ ಎಳೆಯುವುದು, ಇವನ್ನು ಇಲ್ಲಿ ಕೇಳಬೇಡಿ. ಅವು ಓದಿ ಬರುವ ವಿದ್ಯೆಯಲ್ಲ. ಪ್ರತಿ ಓಣಿಯಲ್ಲಿ ಕ್ರೋಶಾ ಬಲ್ಲ ಅಜ್ಜಿಯೊಬ್ಬರು ಇದ್ದೇ ಇರುತ್ತಾರೆ. ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತರೆ ಬರುತ್ತವೆ.

ಅಪ್ಪನಿಗೆಂದು ರಜೆಯಲ್ಲಿ ಮಫ್ಲರ್ ಶುರು ಮಾಡಿದೆ. ಮೊದಲ ಸಾಲಿನಲ್ಲಿ 30 ಕಂಬಗಳಿದ್ದವು. ಒಂದು ಗೇಣು ಹೆಣೆಯುವಷ್ಟರಲ್ಲಿ ಎರಡೂ ಬದಿ ಒಳಗೆ ಸರಿದು ತ್ರಿಕೋನದಂತಾಗಿದೆ. ನನ್ನ ಕೈ ಬಿಗಿಯೇ? ಉಲ್ಲನ್ ಸರಿಯಿಲ್ಲವೇ? — ಗೋಕಾಕದ ಓದುಗರು

ಕೈಯೂ ಅಲ್ಲ, ಉಲ್ಲನ್ನೂ ಅಲ್ಲ. ನೀವು ಎಣಿಸಿಲ್ಲ. ಕಂಬವೆಂದರೆ ಸರಪಳಿಯ ಮೇಲೆ ಸಾಲಾಗಿ ನಿಲ್ಲುವ ಒಂದೊಂದು ಹೆಣಿಗೆ. ಈಗಲೇ ಕೊನೆಯ ಸಾಲಿನ ಕಂಬಗಳನ್ನು ಎಣಿಸಿ ನೋಡಿ, 30 ಇರುವುದಿಲ್ಲ. ಸಾಲಿಗೆ ಒಂದೇ ಕಂಬ ತಪ್ಪಿದರೂ 10 ಸಾಲಿಗೆ 10 ಹೋಗುತ್ತವೆ, ಮಫ್ಲರಿನ ಅಗಲದ ಮೂರರಲ್ಲಿ ಒಂದು ಪಾಲು ಅಲ್ಲಿಗೆ ಕರಗಿತು. ಇದು ದೃಷ್ಟಿ ತಾಗಿದ್ದೂ ಅಲ್ಲ, ನಿಮಗೆ ಈ ವಿದ್ಯೆ ಒಲಿಯದು ಎಂಬ ಸೂಚನೆಯೂ ಅಲ್ಲ. ಈ ಎರಡನ್ನೂ ನನಗೆ ಬರೆದವರಿದ್ದಾರೆ.

ಕಂಬ ಎಲ್ಲಿ ಕಳೆಯುತ್ತದೆ ಎಂಬುದು ನನಗೆ ಬಟ್ಟೆ ನೋಡದೆಯೇ ಗೊತ್ತು. ಸಾಲಿನ ನಡುವೆ ಯಾರೂ ತಪ್ಪುವುದಿಲ್ಲ, ತಪ್ಪುವುದು ಎರಡು ತುದಿಗಳಲ್ಲಿ. ಗಿಡ್ಡ ಕಂಬದ ಹೆಣಿಗೆಯಾದರೆ ಸಾಲು ಮುಗಿದ ಮೇಲೆ ಒಂದು ಸರಪಳಿ ಹಾಕಿ ಬಟ್ಟೆ ತಿರುಗಿಸುತ್ತೀರಿ. ಆಗ ಮೊದಲನೆಯ ಕಂಬದ ತಲೆ ಸೂಜಿಯ ಬುಡದಲ್ಲೇ ಒತ್ತಿಕೊಂಡು ಕುಳಿತಿರುತ್ತದೆ. ಅದನ್ನು ತಿರುವಿನ ಸರಪಳಿಯೆಂದೇ ತಿಳಿದು ಬಿಟ್ಟು ಮುಂದಿನದಕ್ಕೆ ಸೂಜಿ ಚುಚ್ಚುತ್ತೀರಿ. ಒಂದು ಹೋಯಿತು. ಸಾಲಿನ ಕೊನೆಯ ಕಂಬವೂ ಹಾಗೆಯೇ, ಅಂಚಿಗೆ ವಾಲಿ ಮರೆಯಾಗಿರುತ್ತದೆ. ಇನ್ನೊಂದು ಹೋಯಿತು. ಗಿಡ್ಡ ಕಂಬದಲ್ಲಿ ತಿರುವಿನ ಆ ಒಂದು ಸರಪಳಿ ಲೆಕ್ಕಕ್ಕಿಲ್ಲ. ಹೊಸ ಸಾಲಿನ ಮೊದಲ ಕಂಬ ಹಳೆಯ ಸಾಲಿನ ಮೊಟ್ಟಮೊದಲ ಕಂಬದ ತಲೆಯ ಮೇಲೆಯೇ ಬರಬೇಕು.

ಉದ್ದ ಕಂಬದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ತಿರುವಿಗೆ ಮೂರು ಸರಪಳಿ ಹಾಕುತ್ತೇವೆ, ಸಾಮಾನ್ಯವಾಗಿ ಆ ಮೂರು ಸೇರಿ ಒಂದು ಕಂಬವೆಂದು ಲೆಕ್ಕ. ಆದ್ದರಿಂದ ಸೂಜಿ ಹೋಗಬೇಕಾದದ್ದು ಎರಡನೆಯ ಕಂಬಕ್ಕೆ. ಆದರೆ ಸಾಲಿನ ಕೊನೆಗೆ ಬಂದಾಗ ಹಿಂದಿನ ಸಾಲಿನ ಆ ಮೂರು ಸರಪಳಿಯ ನೆತ್ತಿಯಲ್ಲೂ ಒಂದು ಕಂಬ ಹಾಕಬೇಕು. ಇದನ್ನು ಮರೆಯುವವರೇ ಹೆಚ್ಚು, ಅವರ ಮಫ್ಲರ್ ಸಣ್ಣಗಾಗುತ್ತದೆ. ಬುಡದಲ್ಲೂ ಒಂದು, ನೆತ್ತಿಯಲ್ಲೂ ಒಂದು ಹಾಕುವವರ ಮಫ್ಲರ್ ಬೀಸಣಿಗೆಯಂತೆ ಅಗಲವಾಗುತ್ತದೆ.

ಇನ್ನೊಂದು ಗೊಂದಲ ಮೊಬೈಲಿನಿಂದಲೇ ಬರುತ್ತದೆ. ನಾನು ಗಿಡ್ಡ ಕಂಬ ಎನ್ನುವುದನ್ನು ಅಮೆರಿಕದವರು ಸಿಂಗಲ್ ಕ್ರೋಶೆ ಎನ್ನುತ್ತಾರೆ, ಬ್ರಿಟನ್ನಿನವರು ಅದನ್ನೇ ಡಬಲ್ ಕ್ರೋಶೆ ಎನ್ನುತ್ತಾರೆ. ಉದ್ದ ಕಂಬ ಅಮೆರಿಕದವರಿಗೆ ಡಬಲ್, ಬ್ರಿಟನ್ನಿನವರಿಗೆ ಟ್ರೆಬಲ್. ಅಮ್ಮನ ಕಾಲದ ಪುಸ್ತಕ ಒಂದು ಪದ್ಧತಿಯದು, ನೀವು ನೋಡುವ ವಿಡಿಯೊ ಇನ್ನೊಂದರದು. ಎರಡನ್ನೂ ಬೆರೆಸಿ ಹೆಣೆದರೆ ತಿರುವಿನ ಲೆಕ್ಕ ಕೂಡುವುದೇ ಇಲ್ಲ. ಗುರುತು ಹಿಡಿಯುವುದು ಸುಲಭ: ಸಿಂಗಲ್ ಎಂಬ ಪದ ಎಲ್ಲಾದರೂ ಬಂದರೆ ಅದು ಸಾಮಾನ್ಯವಾಗಿ ಅಮೆರಿಕದ ಪದ್ಧತಿ, ಈಗಿನ ಬ್ರಿಟನ್ನಿನ ಪದ್ಧತಿಯಲ್ಲಿ ಆ ಹೆಸರಿಲ್ಲ.

ಈಗ ಮಾಡಬೇಕಾದದ್ದು. ಮಫ್ಲರನ್ನು ಪಕ್ಕಕ್ಕಿಡಿ. ಮೊದಲ ಕೆಲಸಕ್ಕೆ ಮಫ್ಲರ್ ಎತ್ತಿಕೊಳ್ಳಬೇಡಿ ಎಂದು ಹೇಳಿ ಹೇಳಿ ದಣಿದಿದ್ದೇನೆ. ಐದಡಿ ಉದ್ದದ ಕೆಲಸದಲ್ಲಿ ತಪ್ಪು ಕಣ್ಣಿಗೆ ಬೀಳುವಷ್ಟರಲ್ಲಿ ರಜೆ ಮುಗಿದಿರುತ್ತದೆ. 21 ಸರಪಳಿ ಹಾಕಿ. ಸೂಜಿಯಿಂದ ಎರಡನೆಯ ಸರಪಳಿಗೆ ಚುಚ್ಚಿ ಗಿಡ್ಡ ಕಂಬ ಶುರು ಮಾಡಿದರೆ 20 ಕಂಬಗಳಾಗುತ್ತವೆ. ಮೊದಲನೆಯ ಮತ್ತು ಇಪ್ಪತ್ತನೆಯ ಕಂಬದ ತಲೆಗೆ ಬೇರೆ ಬಣ್ಣದ ದಾರದ ತುಂಡನ್ನೋ ಪಿನ್ನನ್ನೋ ಸಿಕ್ಕಿಸಿ. ಮುಂದಿನ ಸಾಲಿನಲ್ಲಿ ಆ ಎರಡು ಗುರುತುಗಳೊಳಗೆ ಕಂಬ ಬಿದ್ದಿರಲೇಬೇಕು. ಬಿದ್ದ ಮೇಲೆ ಗುರುತನ್ನು ಹೊಸ ಕಂಬಕ್ಕೆ ಏರಿಸಿ. ಪ್ರತಿ ಸಾಲಿನ ಕೊನೆಗೆ ಬಾಯಿಬಿಟ್ಟು ಎಣಿಸಿ. 19 ಬಂದರೆ ಮುಂದಿನ ಸಾಲಿನಲ್ಲಿ ಒಂದು ಸೇರಿಸಿ ಸರಿದೂಗಿಸುವ ಜಾಣತನ ಬೇಡ, ಬಿಚ್ಚಿ. ಕ್ರೋಶಾದಲ್ಲಿ ಸೂಜಿಯ ಮೇಲೆ ಜೀವಂತವಾಗಿರುವುದು ಒಂದೇ ಕುಣಿಕೆ, ಎಳೆದರೆ ಎಷ್ಟು ಬೇಕೋ ಅಷ್ಟೇ ಬಿಚ್ಚಿಕೊಳ್ಳುತ್ತದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಒಂದು ಕುಣಿಕೆ ಜಾರಿದರೆ ಕೆಳಗಿನವರೆಗೂ ಏಣಿಯಂತೆ ಹರಿಯುತ್ತದೆ, ಆ ಭಯ ಇಲ್ಲಿಲ್ಲ. ಬಿಚ್ಚಲು ಹಿಂಜರಿಯುವವರಿಗೆ ನಾನು ಕಲಿಸುವುದೇ ಇಲ್ಲ.

ಎಣಿಕೆ ಸರಿಯಿದ್ದೂ ಬುಡ ಸಣ್ಣದಾಗಿ ಮೇಲೆ ಅಗಲವಾಗಿದ್ದರೆ ಅದು ಬೇರೆ ದೋಷ. ಮೊದಲ ಸರಪಳಿ ಬಿಗಿಯಾಗಿದೆ. ಸರಪಳಿಗೆ ಮಾತ್ರ ಒಂದು ಅಳತೆ ಹೆಚ್ಚು ದಪ್ಪದ ಸೂಜಿ ಬಳಸಿ, ಮೊದಲ ಸಾಲಿಗೆ ನಿಮ್ಮ ಸೂಜಿಗೆ ಮರಳಿ. ಕೈ ಬಿಗಿಯ ಮಾತು ಬರುವುದು ಇಲ್ಲಿ ಮಾತ್ರ, ಅದೂ ಎಣಿಸಿದ ಮೇಲೆ.

ಇಪ್ಪತ್ತೆರಡೋ ಇಪ್ಪತ್ತನಾಲ್ಕೋ ಸಾಲು ಆಗುವಷ್ಟರಲ್ಲಿ ಇಪ್ಪತ್ತು ಕಂಬದ ಆ ತುಂಡು ಚೌಕವಾಗುತ್ತದೆ. ಗಿಡ್ಡ ಕಂಬ ಅಗಲಕ್ಕಿಂತ ಎತ್ತರದಲ್ಲಿ ತುಸು ಕಡಿಮೆ, ಹಾಗಾಗಿ ಸಾಲುಗಳು ಹೆಚ್ಚು ಬೇಕು. ಹಾಗೇ ಬಿಟ್ಟರೆ ಚಹಾದ ಕಪ್ಪಿನ ಕೆಳಗಿಡುವ ಹಾಸು. ಎರಡು ಚೌಕಗಳನ್ನು ಒಂದರ ಮೇಲೊಂದಿಟ್ಟು ಮೂರು ಬದಿ ಹೊಲಿದು, ಬಾಯಿಯ ಹತ್ತಿರ ಕಂಬಗಳ ಸಂದಿಯಲ್ಲಿ ಉದ್ದನೆಯ ಸರಪಳಿಯನ್ನು ಪೋಣಿಸಿ ಎಳೆದರೆ ಸಂಕ್ರಾಂತಿಗೆ ಕುಸುರೆಳ್ಳು ಹಾಕಿಕೊಡುವ ಚೀಲ. ಕುಸುರೆಳ್ಳನ್ನು ಮೊದಲು ಕಾಗದದಲ್ಲಿ ಕಟ್ಟಿ, ಇಲ್ಲದಿದ್ದರೆ ಸಕ್ಕರೆ ನೂಲಿಗೆ ಅಂಟುತ್ತದೆ. ದಸರೆಯಲ್ಲಿ ಶುರು ಮಾಡಿದ ಹುಡುಗಿ ಸಂಕ್ರಾಂತಿಗೆ ಇಂಥ ಹತ್ತು ಚೀಲ ಹೆಣೆದು ಓಣಿಗೆಲ್ಲ ಹಂಚಬಹುದು. ಅಷ್ಟರಲ್ಲಿ ಆಕೆಯ ಕೈ ತಾನಾಗಿ ಎಣಿಸತೊಡಗಿರುತ್ತದೆ, ಆಗ ಅಪ್ಪನ ಮಫ್ಲರ್ ಹಿಡಿಯಲಿ.

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಸೀರೆಯ ಮೈಗೆ ಸೆರಗು ಕೂಡಿಸುವುದನ್ನು ಒಮ್ಮೆ ನೋಡಿ ಬನ್ನಿ. ಮೈಯ ಹಾಸಿನ ಎಳೆಗಳ ಕುಣಿಕೆಗೆ ಸೆರಗಿನ ರೇಷ್ಮೆ ಎಳೆಗಳ ಕುಣಿಕೆಯನ್ನು ಒಂದೊಂದಾಗಿ ಸಿಕ್ಕಿಸುತ್ತಾ ಹೋಗುತ್ತಾರೆ. ಅಲ್ಲಿರುವುದು ಸಾವಿರಾರು ಎಳೆ. ಅದನ್ನು ಕಂಡು ಬಂದ ಮೇಲೆ, ಇಪ್ಪತ್ತು ಎಣಿಸಲು ಬೇಸರ ಎಂದು ನನ್ನೆದುರು ಹೇಳಬೇಡಿ. ಇನ್ನು ಮುಂದೆ ಡೊಂಕು ಮಫ್ಲರಿನ ಫೋಟೊ ಕಳಿಸುವವರು ಪ್ರತಿ ಸಾಲಿನ ಎಣಿಕೆ ಬರೆದು ಕಳಿಸಿ. ಎಣಿಕೆಯಿಲ್ಲದ ಫೋಟೊಗೆ ಉತ್ತರ ಬರೆಯುವುದಿಲ್ಲ.

ಅಜ್ಜಿಯ ಸ್ಟೀಲ್ ಸೂಜಿಯಲ್ಲಿ ಉಲ್ಲನ್ ಎಳೆ ನಿಲ್ಲುತ್ತಲೇ ಇಲ್ಲ, ಸೀಳುತ್ತದೆ. — ಜಮಖಂಡಿ

ಅದು ಲೇಸು ಹೆಣೆಯುವ ಸೂಜಿ, ಸಣ್ಣ ಹತ್ತಿ ದಾರಕ್ಕೆ ಮಾಡಿದ್ದು. 4 ಅಥವಾ 4.5 ಮಿಲಿಮೀಟರಿನ ಸೂಜಿ ಕೊಳ್ಳಿ. ಕಪ್ಪು ಉಲ್ಲನ್ ಬೇಡ, ರೋಮ ರೋಮವಾಗಿರುವುದೂ ಬೇಡ; ಕಂಬದ ತಲೆ ಕಾಣದಿದ್ದರೆ ಏನನ್ನು ಎಣಿಸುತ್ತೀರಿ?

ಒಂದು ಅಂಗಡಿಯಲ್ಲಿ ಕಾಶ್ಮಿಲಾನ್ ಎಂದರೆ ಕಾಶ್ಮೀರದ ಕುರಿಯ ಉಣ್ಣೆ ಎಂದು ಹೇಳಿ ಹೆಚ್ಚು ಹಣ ತೆಗೆದುಕೊಂಡರು. ನಿಜವೇ? — ವಿಜಯಪುರ

ಸುಳ್ಳು. ಕಾಶ್ಮಿಲಾನ್ ಅಕ್ರಿಲಿಕ್ ನೂಲಿನ ಹೆಸರು, ಅದರಲ್ಲಿ ಕುರಿಯ ಒಂದು ಕೂದಲೂ ಇಲ್ಲ. ಎರಡಿಂಚು ಎಳೆಯನ್ನು ಚಿಮಟಿಗೆಯಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಅಕ್ರಿಲಿಕ್ ಕರಗಿ ಕಪ್ಪು ಮಣಿಯಂತೆ ಗಟ್ಟಿಯಾಗುತ್ತದೆ. ಅಕ್ರಿಲಿಕ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಕಲಿಯುವವರಿಗೆ ಅದೇ ಒಳ್ಳೆಯದು. ಅಗ್ಗ, ನುಸಿ ತಿನ್ನುವುದಿಲ್ಲ, ಹತ್ತು ಸಲ ಬಿಚ್ಚಿದರೂ ತಾಳುತ್ತದೆ. ಆದರೆ ಅಕ್ರಿಲಿಕ್ಕಿಗೆ ಅಕ್ರಿಲಿಕ್ಕಿನ ಬೆಲೆಯನ್ನೇ ಕೊಡಿ, ಅದರ ಮೇಲೆ ಬಿಸಿ ಇಸ್ತ್ರಿ ಇಡಬೇಡಿ. ಒಮ್ಮೆ ಜೋಲು ಬಿದ್ದರೆ ಮತ್ತೆ ಸರಿಹೋಗುವುದಿಲ್ಲ.

ದೀಪಾವಳಿಗೆ ಉಲ್ಲನ್ ಗೊಂಡೆಗಳ ತೋರಣ ಮಾಡಿದ್ದೇವೆ. ಹೊಸ್ತಿಲ ದೀಪಗಳಿಗೆ ಹೊಂದುವಂತೆ ಕೆಳಗಿನವರೆಗೆ ಇಳಿಬಿಡಬಹುದೇ? — ಅಥಣಿ

ಬೇಡ. ಮೇಲೆ ಹೇಳಿದ ಕರಗುವ ಗುಣವನ್ನು ನೆನಪಿಡಿ: ಅಕ್ರಿಲಿಕ್ ಉರಿಯುತ್ತಾ ಕರಗಿ ತೊಟ್ಟಿಕ್ಕುತ್ತದೆ, ಚರ್ಮಕ್ಕೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ತೋರಣ ಬಾಗಿಲಿನ ಮೇಲ್ಪಟ್ಟಿಗೆ ಮಾತ್ರ ಇರಲಿ, ಗಾಳಿಗೆ ತೂಗಿದರೂ ದೀಪದತ್ತ ಬರಬಾರದು. ಗೊಂಡೆ ಮಕ್ಕಳಿಗೆ ಹೇಳಿಮಾಡಿಸಿದ ಕೆಲಸ, ಸೂಜಿಯೇ ಬೇಡ. ಸುತ್ತುವುದು ನೂರು ಸುತ್ತು ದಾಟಲಿ, ನಡು ಕಟ್ಟುವ ದಾರ ಗಟ್ಟಿ ಹತ್ತಿಯದಿರಲಿ. ಉಲ್ಲನ್ನಿನಿಂದಲೇ ನಡು ಕಟ್ಟಿದರೆ ಬಿಗಿಯುವಾಗ ಹರಿಯುತ್ತದೆ, ಗೊಂಡೆ ಉದುರುತ್ತದೆ.

ಊರಲ್ಲಿ ಕಂಬಳಿ ನೇಯುವವರಿಂದ ಕುರಿ ಉಣ್ಣೆಯ ನೂಲು ಸಿಗುತ್ತದೆ. ಟೋಪಿ ಹೆಣೆಯಲೇ? — ಮುಧೋಳ

ನಮ್ಮ ದಖನಿ ಕುರಿಯ ಉಣ್ಣೆ ಒರಟು, ಹಣೆ ಕೆರೆಯುತ್ತದೆ. ಅದರಲ್ಲಿ ಕೂರುವ ಆಸನ ಹೆಣೆಯಿರಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ನೇಕಾರರಿಗೆ ಕೇಳಿದಷ್ಟು ಬೆಲೆ ಕೊಡಿ.

ಬಸುರಿಯರು ಉಲ್ಲನ್ ಸುತ್ತಿದರೆ ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುತ್ತದೆಯಂತೆ. — ಸಿಂದಗಿ

ಇಂಥದ್ದನ್ನು ಹೇಳಿದವರ ಮಾತು ಕೇಳಬೇಡಿ. ಬಳ್ಳಿ ಸುತ್ತಿಕೊಳ್ಳುವುದು ಹೊಟ್ಟೆಯೊಳಗೆ ಕೂಸು ಹೊರಳಾಡುವುದರಿಂದ, ಹೆಣೆಯದ ತಾಯಂದಿರ ಕೂಸುಗಳಿಗೂ ಅದು ಸಾಮಾನ್ಯ. ಬೆನ್ನಿಗೆ ದಿಂಬು ಕೊಟ್ಟುಕೊಂಡು ಕುಳಿತು ಹೆಣೆಯಿರಿ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ.

ಎರಡು ದಿನದಲ್ಲಿ ಸ್ವೆಟರ್ ಕಲಿಸುವ ವಿಡಿಯೊ ನಂಬಬಹುದೇ? — ಬಾಗಲಕೋಟೆ

ಇಲ್ಲ.

ಮನೆಯಲ್ಲೇ ಕುಳಿತು ಉಲ್ಲನ್ ಗೊಂಬೆ ಹೆಣೆದು ಕೊಟ್ಟರೆ ತಿಂಗಳಿಗೆ ಸಾವಿರಾರು ರೂಪಾಯಿ ಎಂಬ ಜಾಹೀರಾತು ಬಂದಿದೆ. ಮೊದಲು ಠೇವಣಿ ಕಟ್ಟಬೇಕಂತೆ. — ಖಾನಾಪುರ

ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೆಲಸ ಕೊಡುವವರು ಕೂಲಿ ಕೊಡುತ್ತಾರೆ, ಠೇವಣಿ ಕೇಳುವುದಿಲ್ಲ. ನನ್ನ ಬಳಿ ಕಲಿತ ಇಬ್ಬರು ಹೆಣ್ಣುಮಕ್ಕಳು ಹೀಗೇ ಹಣ ಕಟ್ಟಿ, ಒಂದು ಚೀಲ ಕಳಪೆ ಉಲ್ಲನ್ ಪಡೆದು, ಕಣ್ಣು ಕೆಂಪಾಗುವಂತೆ ಹೆಣೆದು ಕಳಿಸಿದರು. ಜಾಹೀರಾತು ಕೊಟ್ಟವರು ಮಾಲು ಸರಿಯಿಲ್ಲ ಎಂದು ತಿರಸ್ಕರಿಸಿದರು, ಆಮೇಲೆ ಫೋನ್ ಎತ್ತಲೇ ಇಲ್ಲ. ಆ ಗೊಂಬೆಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಒಂದು ಕಂಬವೂ ತಪ್ಪಿರಲಿಲ್ಲ. ಮೋಸ ಹೋದವರು ನಾಚಿಕೊಂಡು ಸುಮ್ಮನಿರಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಅಕ್ಕನ ಬಾಣಂತನ ನಮ್ಮ ಮನೆಯಲ್ಲೇ. ಕೂಸಿಗೆ ಕುಲಾವಿ, ಕಾಲುಚೀಲ ಹೆಣೆಯಬೇಕೆಂಬ ಆಸೆ. ಹೊಸಬಳಾದ ನನಗೆ ಸಾಧ್ಯವೇ? — ಚಿಕ್ಕೋಡಿ

ಸಾಧ್ಯ, ಚೌಕ ಬಂದ ಮೇಲೆ. ಆದರೆ ಇಲ್ಲಿ ನಾನು ಬಹಳ ಕಟ್ಟುನಿಟ್ಟು, ಅದಕ್ಕೆ ಕಾರಣವಿದೆ. ನನ್ನ ತಂಗಿಯ ಕೂಸಿಗೆ ನಾನೇ ಹೆಣೆದುಕೊಟ್ಟ ಕಾಲುಚೀಲದೊಳಗೆ ಒಂದು ಸಡಿಲ ಎಳೆ ಉಳಿದಿತ್ತು. ಕೂಸು ರಾತ್ರಿಯಿಡೀ ಅತ್ತಿತು. ಹೊಟ್ಟೆನೋವೆಂದು ಓಮದ ನೀರು ಕುಡಿಸಿದರು, ದೃಷ್ಟಿ ತೆಗೆದರು. ಬೆಳಿಗ್ಗೆ ಕಾಲುಚೀಲ ಬಿಚ್ಚಿದಾಗ ಎಳೆ ಬೆರಳಿಗೆ ಸುತ್ತಿಕೊಂಡು ಬೆರಳು ಊದಿ ನೀಲಿಯಾಗಿತ್ತು. ವೈದ್ಯರು ಎಳೆಯನ್ನು ಕತ್ತರಿಸಿ ತೆಗೆದರು, ಬೆರಳು ಉಳಿಯಿತು. ಇನ್ನೂ ಕೆಲವು ಗಂಟೆ ತಡವಾಗಿದ್ದರೆ ಎಂದು ಈಗಲೂ ನೆನೆಯಲಾರೆ.

ಕೂಸಿನ ಕಾಲುಚೀಲವನ್ನು ಮೃದು ಹತ್ತಿ ನೂಲಿನಲ್ಲಿ ಒತ್ತಾಗಿ ಹೆಣೆಯಿರಿ. ಮುಗಿದ ಮೇಲೆ ಒಳಮೈ ಹೊರಗೆ ತಿರುಗಿಸಿ, ತುದಿದಾರಗಳನ್ನು ಪೂರ್ತಿ ಪೋಣಿಸಿ ಮರೆಮಾಡಿ, ನಿಮ್ಮ ಕಿರುಬೆರಳನ್ನು ಒಳಗೆಲ್ಲ ಆಡಿಸಿ ನೋಡಿ, ಎಲ್ಲಿಯೂ ಸಿಕ್ಕಬಾರದು. ತೊಡಿಸುವ ಮುನ್ನ ಪ್ರತಿ ಸಲವೂ ಹೀಗೆ ನೋಡಿ. ಕುಲಾವಿಗೆ ಗಲ್ಲದ ಕೆಳಗೆ ಕಟ್ಟುವ ಉದ್ದ ದಾರ ಬೇಡ. ಮಣಿ, ಗುಂಡಿ ಬೇಡವೇ ಬೇಡ. ಕೂಸು ಮಲಗಿದಾಗ ಕುಲಾವಿ ತೆಗೆದಿಡಿ. ಸುಮ್ಮನಾಗದೆ ಅಳುತ್ತಿದ್ದರೆ ಮೊದಲು ಕಾಲುಚೀಲ ಬಿಚ್ಚಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಹತ್ತನ್ನೂ.