ಹಳೆಯ ಯುಎಸ್‌ಬಿ ಸ್ಕ್ಯಾನರ್ ಲಿನಕ್ಸ್‌ನಲ್ಲಿ ಎರಡನೇ ಪುಟಕ್ಕೆ ಕೈಕೊಡುತ್ತಿದ್ದರೆ

ಉಬುಂಟುವಿನಲ್ಲಿ ಮೊದಲ ಪುಟ ಚೆನ್ನಾಗಿ ಬರುತ್ತದೆ, ಎರಡನೆಯದಕ್ಕೆ ಸ್ಕ್ಯಾನರ್ ಸಿಗುವುದೇ ಇಲ್ಲ, ಕಿತ್ತು ಮತ್ತೆ ಚುಚ್ಚಿದರೆ ಸರಿಹೋಗುತ್ತದೆ, ಹೊಸದು ತಗೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ತಗೊಳ್ಳಬೇಡಿ. ಅಪ್ಪನ ಜಮೀನಿನ ಪತ್ರಗಳನ್ನು ಸ್ಕ್ಯಾನ್ ಮಾಡುವಾಗ ನನಗೂ ಹೀಗೇ ಆಗಿತ್ತು. ಡ್ರೈವರ್ ಮೇಲೆ ಅನುಮಾನಪಟ್ಟು ಎರಡು ದಿನ ಸೇನ್ ಪ್ಯಾಕೇಜನ್ನು (ಲಿನಕ್ಸಿನಲ್ಲಿ ಸ್ಕ್ಯಾನರ್ ನಡೆಸುವ ತಂತ್ರಾಂಶ) ತೆಗೆದು ಹಾಕಿ ಮಾಡಿದೆ. ಒಂದು ಪುಟ ಪೂರ್ತಿ ಬಂತೆಂದರೆ ಡ್ರೈವರ್‌ಗೆ ಆ ಸ್ಕ್ಯಾನರ್ ಗೊತ್ತಿದೆ ಎಂದೇ ಅರ್ಥ.

ಟರ್ಮಿನಲ್‌ನಲ್ಲಿ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ’ ಆಜ್ಞೆ ಕೊಟ್ಟು, ಸ್ಕ್ಯಾನರ್ ಇರುವ ಸಾಲಿನ ಡಿವೈಸ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದು ಕೈಕೊಟ್ಟಾಗ ವೈರ್ ಮುಟ್ಟದೆ ಮತ್ತೆ ಅದನ್ನೇ ಕೊಡಿ. 7 ಇದ್ದದ್ದು 8 ಆಗಿದ್ದರೆ, ಅಥವಾ ಸಾಲೇ ಮಾಯವಾಗಿದ್ದರೆ, ಸ್ಕ್ಯಾನರ್ ತಾನಾಗಿ ಕಳಚಿಕೊಂಡಿದೆ. ಆಗ ಮೊದಲು ನೋಡಬೇಕಾದ್ದು ಕೇಬಲ್ ಮತ್ತು ಕರೆಂಟು. ಅಡಾಪ್ಟರ್ ಇಲ್ಲದ ತೆಳ್ಳಗಿನ ಸ್ಕ್ಯಾನರ್‌ಗಳಲ್ಲಿ ದೀಪ, ಮೋಟಾರು ಎರಡೂ ನಡೆಯುವುದು ಯುಎಸ್‌ಬಿ ಕರೆಂಟಿನಲ್ಲೇ. ಯುಎಸ್‌ಬಿ 2 ಪೋರ್ಟಿನ ಮಿತಿ 500 ಮಿಲಿಆಂಪಿಯರ್. ಅದನ್ನೂ ಹಬ್ಬಿನಲ್ಲಿ ಮೌಸು, ಪೆನ್‌ಡ್ರೈವ್ ಜೊತೆ ಹಂಚಿಕೊಂಡರೆ ಮೋಟಾರು ತಿರುಗುವ ಹೊತ್ತಿಗೆ ಸಾಲುವುದಿಲ್ಲ. ಹಬ್ ಬಿಟ್ಟು, ಗಿಡ್ಡ ಕೇಬಲ್ಲಿನಲ್ಲಿ ನೇರ ಕಂಪ್ಯೂಟರಿಗೇ ಹಾಕಿ ನೋಡಿ.

ಸಂಖ್ಯೆ ಹಾಗೇ ಇದೆಯೇ? ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಉಳಿಸುವ ಟಿಎಲ್‌ಪಿ ಎಂಬ ತಂತ್ರಾಂಶ ಇದೆಯೇ ನೋಡಿ. ನನ್ನದರಲ್ಲಿ ತೊಂದರೆ ಇದ್ದದ್ದು ಇಲ್ಲೇ. ಟಿಎಲ್‌ಪಿ ಆಟೋಸಸ್ಪೆಂಡ್ ಆನ್ ಮಾಡಿದ ಸಾಧನ ಸುಮ್ಮನಿದ್ದರೆ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಅದನ್ನು ಸಾಮಾನ್ಯವಾಗಿ 2 ಸೆಕೆಂಡಿಗೆ ಮಲಗಿಸಿಬಿಡುತ್ತದೆ. ನಾವು ಹಾಳೆ ಬದಲಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಲ್ಲ! ಹಳೆಯ ಸ್ಕ್ಯಾನರ್‌ಗಳಲ್ಲಿ ಕೆಲವು ಮಲಗಿದರೆ ಏಳುವುದಿಲ್ಲ. ‘ಎಲ್‌ಎಸ್‌ಯುಎಸ್‌ಬಿ’ ತೋರಿಸುವ ಐಡಿಯನ್ನು, ಅಂದರೆ ಕೋಲನ್‌ನ ಎರಡೂ ಬದಿಯ ನಾಲ್ಕು ನಾಲ್ಕು ಅಕ್ಷರಗಳನ್ನು, ಟಿಎಲ್‌ಪಿಯ ‘ಯುಎಸ್‌ಬಿ_ಡಿನೈಲಿಸ್ಟ್’ ಸಾಲಿಗೆ ಸೇರಿಸಿದೆ. ಆಮೇಲೆ ಅರವತ್ತು ಚಿಲ್ಲರೆ ಪುಟ ಒಂದೇ ಸಮನೆ ಬಂದವು. ಆಟೋಸಸ್ಪೆಂಡನ್ನೇ ನಿಲ್ಲಿಸಲು ಕರ್ನಲ್‌ಗೆ ‘ಯುಎಸ್‌ಬಿಕೋರ್.ಆಟೋಸಸ್ಪೆಂಡ್=-1’ ಕೊಡಿ ಎಂದು ಹೇಳುವವರಿದ್ದಾರೆ. ಪರೀಕ್ಷೆಗೆ ಸರಿ, ಆದರೆ ಅದು ಎಲ್ಲಾ ಯುಎಸ್‌ಬಿ ಸಾಧನಗಳಿಗೂ ಅನ್ವಯಿಸುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ.

ಟಿಎಲ್‌ಪಿ ಇಲ್ಲದಿದ್ದರೆ, ನೀವು ಚುಚ್ಚುತ್ತಿರುವುದು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೇ? ಮೊದಲ ಸ್ಕ್ಯಾನ್ ಸರಿ, ಎರಡನೆಯದು ಇಲ್ಲ ಎನ್ನುವುದು ಆ ಪೋರ್ಟಿನಲ್ಲಿ ಹಳೆಯ ಸ್ಕ್ಯಾನರ್‌ಗಳಿಗೆ ಆಗಾಗ ಬರುವ ಕಾಯಿಲೆ. ಯುಎಸ್‌ಬಿ 2 ಪೋರ್ಟ್ ಇದ್ದರೆ ಅದಕ್ಕೆ ಬದಲಿಸಿ. ಇಲ್ಲದಿದ್ದರೆ ಟರ್ಮಿನಲ್‌ನಿಂದಲೇ ಸ್ಕ್ಯಾನ್ ಮಾಡುವ ‘ಸ್ಕ್ಯಾನ್‌ಇಮೇಜ್’ ಆಜ್ಞೆಗೆ ಮುಂಚೆ, ಅದೇ ಸಾಲಿನಲ್ಲಿ, ‘ಸೇನ್_ಯುಎಸ್‌ಬಿ_ವರ್ಕ್‌ಅರೌಂಡ್=1’ ಸೇರಿಸಿ, ಪೂರ್ತಿ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ಬೆನ್ನುಬೆನ್ನಿಗೆ ಎರಡು ಸಲ ಓಡಿಸಿ. ಎರಡೂ ಬಂದರೆ ಅದೇ ಸಾಲನ್ನು ‘ಎಕ್ಸ್‌ಪೋರ್ಟ್’ ಜೊತೆ ಹೋಮ್ ಫೋಲ್ಡರಿನ ‘.ಪ್ರೊಫೈಲ್’ ಕಡತದಲ್ಲಿ ಬರೆದು, ಲಾಗೌಟ್ ಮಾಡಿ ಬನ್ನಿ. ಉಬುಂಟುವಿನ ಸ್ಕ್ಯಾನಿಂಗ್ ಆ್ಯಪ್ ಸಿಂಪಲ್ ಸ್ಕ್ಯಾನ್‌ಗೂ ಅದು ಸಿಗುತ್ತದೆ.