ಡೇಟಾ ಸೆಂಟರ್ ಟೆಂಡರ್ ಒಬ್ಬರಿಗಾಗಿಯೇ ಬರೆದಂತಿದ್ದರೆ ಏನು ನೋಡಬೇಕು, ಯಾವಾಗ ತಕರಾರು ಎತ್ತಬೇಕು?

ರಾಜ್ಯದ ಇಲಾಖೆಯೊಂದು ಡೇಟಾ ಸೆಂಟರ್ ಕಟ್ಟಿ ಐದು ವರ್ಷ ನಡೆಸಲು 25 ಕೋಟಿ ಅಂದಾಜಿನ ಟೆಂಡರ್ ಕರೆದಿದೆ, ಗೆಲ್ಲುವವರು ಯಾರೆಂದು ಷರತ್ತು ಓದಿದರೇ ಗೊತ್ತಾಗುತ್ತದೆ, ಇದನ್ನು ಸಾಬೀತು ಮಾಡುವುದು ಹೇಗೆ ಎಂದು ಕೇಳಿದ್ದೀರಿ. ಯಾರ ಉದ್ದೇಶವನ್ನೂ ನೀವು ಸಾಬೀತು ಮಾಡಬೇಕಿಲ್ಲ. ಷರತ್ತಿಗೂ ಕೆಲಸಕ್ಕೂ ತಾಳೆಯಾಗುತ್ತಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದರೆ ಸಾಕು. ಆದರೆ ಅದನ್ನು ಪ್ರೀ-ಬಿಡ್ ಹಂತದಲ್ಲೇ, ಅಂದರೆ ಬಿಡ್ ಹಾಕುವ ಮೊದಲು ಪ್ರಶ್ನೆ ಕೇಳಲು ಕೊಡುವ ಅವಧಿಯಲ್ಲೇ, ತೋರಿಸಬೇಕು. ದರ ತೆರೆಯುವ ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿ ಹೋಗಿರುತ್ತದೆ.

ಮೊದಲು ಅರ್ಹತೆಯ ಪುಟ. ಕೇಂದ್ರ ವಿಚಕ್ಷಣಾ ಆಯೋಗ 2002ರ ಡಿಸೆಂಬರ್‌ನಲ್ಲಿ ಕಾಮಗಾರಿಗಳಿಗೆ ಹೇಳಿದ ಸೂತ್ರ ಇದು: ಹಿಂದಿನ ಮೂರು ವರ್ಷಗಳ ಸರಾಸರಿ ವಹಿವಾಟು ಅಂದಾಜು ಮೊತ್ತದ ಶೇ 30 ಇರಬೇಕು, ಅದೇ ಬಗೆಯ ಕೆಲಸಗಳು ಶೇ 40ರ ಮೂರು, ಇಲ್ಲವೇ ಶೇ 50ರ ಎರಡು, ಇಲ್ಲವೇ ಶೇ 80ರ ಒಂದು ಮುಗಿದಿರಬೇಕು. 25 ಕೋಟಿಗೆ ಇದು 7.5 ಕೋಟಿ ವಹಿವಾಟು, 10 ಕೋಟಿಯ ಮೂರು ಅಥವಾ 20 ಕೋಟಿಯ ಒಂದು ಕೆಲಸ ಎಂದಾಗುತ್ತದೆ. ರಾಜ್ಯದ ಇಲಾಖೆಯನ್ನು ಇದು ಕಟ್ಟಿಹಾಕುವುದಿಲ್ಲ, ಆದರೆ ಅಳತೆಗೋಲಾಗಿ ಮುಂದಿಡಬಹುದು. ಹಾಗೆಂದು ಇದಕ್ಕಿಂತ ಹೆಚ್ಚು ಕೇಳಿದ್ದೆಲ್ಲ ಮೋಸವಲ್ಲ. ಹಣ ಮೂರು ತಿಂಗಳಿಗೊಮ್ಮೆ ಬರುವ ಕೆಲಸದಲ್ಲಿ ಕೈಯಲ್ಲಿ ದುಡ್ಡಿಲ್ಲದವರು ಎರಡನೇ ವರ್ಷಕ್ಕೇ ಕೈಚೆಲ್ಲುತ್ತಾರೆ. 15 ಕೋಟಿ ವಹಿವಾಟು ಕೇಳಿದರೆ ಸುಮ್ಮನಿರಿ, 200 ಕೋಟಿ ಕೇಳಿದರೆ ಪ್ರಶ್ನಿಸಿ. ‘ರಾಜ್ಯ ಸರ್ಕಾರದ ಡೇಟಾ ಸೆಂಟರ್ ನಡೆಸಿದ ಅನುಭವವೇ ಬೇಕು’ ಎಂಬ ಸಾಲು ಇದಕ್ಕಿಂತ ಕೆಟ್ಟದ್ದು. ಅಂಥ ಕೇಂದ್ರಗಳು ರಾಜ್ಯಕ್ಕೆ ಒಂದೆರಡು. ಬ್ಯಾಂಕಿಗೆ ಅದೇ ಗುಣಮಟ್ಟದ ಕೇಂದ್ರ ಕಟ್ಟಿದವರೂ ಆ ಸಾಲಿನಿಂದ ಹೊರಬೀಳುತ್ತಾರೆ.

ತಾಂತ್ರಿಕ ವಿವರದಲ್ಲಿ ‘ಕನಿಷ್ಠ’ ಎನ್ನುವ ಪದ ಇಲ್ಲದ ಕಡೆಗಳನ್ನು ಗುರುತು ಹಾಕಿಕೊಳ್ಳಿ. ಯುಪಿಎಸ್‌ನ ಅಗಲ ಇಷ್ಟೇ ಮಿಲಿಮೀಟರ್, ಪರದೆ ಇಷ್ಟೇ ಇಂಚು ಎಂದಿದ್ದರೆ ಅದು ಯಾವುದೋ ಕಂಪನಿಯ ಡೇಟಾಶೀಟ್‌ನಿಂದ ಎತ್ತಿದ್ದು. ಆ ಡೇಟಾಶೀಟ್ ಹುಡುಕಿ, ಟೆಂಡರ್‌ನ ಸಾಲುಗಳ ಪಕ್ಕಕ್ಕಿಟ್ಟು ಕಳಿಸಿ. ಇದಕ್ಕಿಂತ ಗಟ್ಟಿ ಪುರಾವೆ ಸಿಗುವುದು ಕಷ್ಟ. ತನ್ನ ಉಪಕರಣ ಮಾರಲು ತಯಾರಕ ಬಿಡ್ಡರ್‌ಗೆ ಕೊಡುವ ಅಧಿಕಾರ ಪತ್ರದ (ಎಂಎಎಫ್) ವಿಷಯವೂ ಇಲ್ಲೇ ಬರುತ್ತದೆ. ವಿವರ ಒಂದೇ ಬ್ರ್ಯಾಂಡಿಗೆ ಹೊಂದಿ, ಆ ತಯಾರಕ ಮೊದಲು ‘ಡೀಲ್ ರಿಜಿಸ್ಟರ್’ ಮಾಡಿದವರಿಗಷ್ಟೇ (ಈ ಟೆಂಡರ್ ತಮ್ಮದೆಂದು ತಯಾರಕರ ಬಳಿ ಮೊದಲು ಹೆಸರು ಬರೆಸಿದವರಿಗಷ್ಟೇ) ಎಂಎಎಫ್ ಕೊಟ್ಟರೆ, ಉಳಿದವರು ಕಾಗದದ ಮೇಲೆ ಮಾತ್ರ ಸ್ಪರ್ಧಿಗಳು.

ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಹೆಚ್ಚಿನ ಅನ್ಯಾಯ ಇರುವುದು ನಡೆಸುವ ಐದು ವರ್ಷಗಳ ಷರತ್ತುಗಳಲ್ಲಿ. ಲಭ್ಯತೆ ಶೇ 99.982 ಇರಬೇಕು ಎಂದಿರುತ್ತದೆ. ಡೇಟಾ ಸೆಂಟರ್‌ಗಳ ಟಿಯರ್-3 ದರ್ಜೆಯ ಜತೆ ರೂಢಿಯಲ್ಲಿರುವ ಅಂಕಿ ಅದು. ಇದನ್ನು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 1.6 ಗಂಟೆ ನಿಲುಗಡೆಗೆ ಅವಕಾಶ. ಮೂರು ತಿಂಗಳಿಗೆ ಲೆಕ್ಕ ಹಾಕಿದರೆ 24 ನಿಮಿಷವೂ ಇಲ್ಲ, ತಿಂಗಳಿಗಾದರೆ 8 ನಿಮಿಷದೊಳಗೆ. ಯಾವ ಅವಧಿ, ಪೂರ್ವನಿಗದಿತ ನಿರ್ವಹಣೆ ಇದರಲ್ಲಿ ಸೇರುತ್ತದೆಯೇ, ದಂಡಕ್ಕೆ ಮಿತಿ ಎಷ್ಟು ಎಂದು ಬರೆಯದಿದ್ದರೆ, ಇಲಾಖೆ ಹೇಗೆ ಎಣಿಸುತ್ತದೆ ಎಂದು ಬಲ್ಲ ಹಳೇ ಗುತ್ತಿಗೆದಾರ ಕಡಿಮೆ ದರ ಹಾಕುತ್ತಾನೆ. ಹೊಸಬರು ಭಯಕ್ಕೆ ಹೆಚ್ಚು ಹಾಕಿ ಸೋಲುತ್ತಾರೆ. ಅದಕ್ಕೇ, ಈಗಾಗಲೇ ಕೇಂದ್ರ ಇದ್ದರೆ, ಕಳೆದ 12 ತಿಂಗಳ ವಿದ್ಯುತ್ ಬಿಲ್, ಜನರೇಟರ್ ಓಡಿದ ಗಂಟೆ, ಬ್ಯಾಟರಿಗಳ ವಯಸ್ಸು, ದಾಖಲಾದ ದೂರುಗಳ ಸಂಖ್ಯೆ ಎಲ್ಲ ಬಿಡ್ಡರ್‌ಗಳಿಗೂ ಸಿಗಬೇಕೆಂದು ಕೇಳಿ.

ವಿದ್ಯುತ್ ಬಿಲ್ ಯಾರದು ಎನ್ನುವುದನ್ನೂ ನೋಡಿ. 200 ಕಿಲೋವ್ಯಾಟ್ ಸರ್ವರ್ ಹೊರೆಗೆ ಪಿಯುಇ (ಕೇಂದ್ರದ ಒಟ್ಟು ವಿದ್ಯುತ್ತು ಸರ್ವರ್‌ಗಳ ವಿದ್ಯುತ್ತಿನ ಎಷ್ಟು ಪಟ್ಟು ಎಂಬ ಅಂಕಿ) 1.5 ಇದ್ದರೆ ಒಟ್ಟು 300, 1.8 ಇದ್ದರೆ 360 ಕಿಲೋವ್ಯಾಟ್ ಬೇಕು. ವ್ಯತ್ಯಾಸದ 60 ಕಿಲೋವ್ಯಾಟ್ ಎಂದರೆ ವರ್ಷಕ್ಕೆ 5.25 ಲಕ್ಷ ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಐದು ವರ್ಷಕ್ಕೆ 1.8 ಕೋಟಿ ದಾಟುತ್ತದೆ. ಬಿಲ್ ಇಲಾಖೆಯೇ ಕಟ್ಟಿ, ದರ ಹೋಲಿಕೆಯಲ್ಲಿ ಇದನ್ನು ಸೇರಿಸದಿದ್ದರೆ ಅಗ್ಗದ, ಕರೆಂಟು ನುಂಗುವ ಕೂಲಿಂಗ್ ಹಾಕಿದವರೇ ಎಲ್-1, ಅಂದರೆ ಅತಿ ಕಡಿಮೆ ದರದವರು.

ಇನ್ನೊಂದು ಚಾಲಾಕಿ: ಉಪಕರಣಕ್ಕೆ 24 ಕೋಟಿ, ಐದು ವರ್ಷದ ನಿರ್ವಹಣೆಗೆ 1 ಕೋಟಿ ಎಂದು ದರ ಹಾಕುವುದು. ದಿನದ 24 ಗಂಟೆ ಒಂದು ಕುರ್ಚಿ ತುಂಬಲು ರಜೆ, ವಾರದ ಬಿಡುವು ಸೇರಿ ನಾಲ್ಕೈದು ಜನ ಬೇಕು. ಎರಡು ಕುರ್ಚಿಗೆ ಹತ್ತು ಜನ. ವರ್ಷಕ್ಕೆ 20 ಲಕ್ಷದಲ್ಲಿ ತಲೆಗೆ ತಿಂಗಳಿಗೆ 17 ಸಾವಿರವೂ ಬರುವುದಿಲ್ಲ, ಬ್ಯಾಟರಿ, ಫಿಲ್ಟರ್ ಮಾತು ಹಾಗಿರಲಿ. ನಿರ್ವಹಣೆಗೆ ಒಟ್ಟು ದರದ ಕನಿಷ್ಠ ಪಾಲು ನಿಗದಿ ಮಾಡಿ ಎಂದು ಬರೆಯಿರಿ.

ಗುಣಮಟ್ಟಕ್ಕೂ ಅಂಕ ಕೊಡುವ ಪದ್ಧತಿ ಇದ್ದರೆ ಒಂದು ಲೆಕ್ಕ ಜತೆಗಿಡಿ. ಒಬ್ಬರಿಗೆ ತಾಂತ್ರಿಕ ಅಂಕ 95, ದರ 30 ಕೋಟಿ. ಇನ್ನೊಬ್ಬರಿಗೆ 80, ದರ 25 ಕೋಟಿ. ಅತಿ ಕಡಿಮೆ ದರಕ್ಕೆ 100 ಅಂಕ, ಇನ್ನೊಂದಕ್ಕೆ ಅದರ ಅನುಪಾತದಲ್ಲಿ. ತಾಂತ್ರಿಕಕ್ಕೆ 70, ದರಕ್ಕೆ 30ರ ತೂಕವಿರುವ 70:30ರಲ್ಲಿ ಮೊದಲಿನವರು 91.5ಕ್ಕೆ 86ರಿಂದ ಗೆಲ್ಲುತ್ತಾರೆ. 30:70ರಲ್ಲಿ ಎರಡನೆಯವರು 94ಕ್ಕೆ 86.8ರಿಂದ. ಆ 15 ಅಂಕದ ಅಂತರ ‘ಪ್ರೆಸೆಂಟೇಷನ್’ ಒಂದರಿಂದಲೇ ಬರಬಹುದು. ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲಿ ಕಾಮಗಾರಿ ಮತ್ತು ಸಲಹೇತರ ಸೇವೆಗಳಿಗೆ ಈ ಪದ್ಧತಿಗೆ ಅವಕಾಶ ಕೊಟ್ಟಾಗ ದರೇತರ ಅಂಶಗಳ ತೂಕಕ್ಕೆ ಶೇ 30ರ ಮಿತಿ ಹಾಕಿತ್ತು. ಅದನ್ನು ಉಲ್ಲೇಖಿಸಿ.

ಪ್ರಶ್ನೆಗಳನ್ನು ಕೋಷ್ಟಕದಲ್ಲಿ ಕಳಿಸಿ: ಪುಟ, ಷರತ್ತಿನ ಸಂಖ್ಯೆ, ಈಗಿರುವ ಪಠ್ಯ, ಬೇಕಾದ ಪಠ್ಯ, ಕಾರಣ. ‘ಷರತ್ತು ಸಡಿಲಿಸಿ’ ಎಂದಷ್ಟೇ ಬರೆದರೆ ‘ಟೆಂಡರ್‌ನಲ್ಲಿರುವಂತೆ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಇಮೇಲ್ ಮತ್ತು ಪೋರ್ಟಲ್ ಎರಡರಲ್ಲೂ ದಾಖಲೆ ಇರಲಿ. ಕೊನೇ ದಿನಗಳಲ್ಲಿ ದೊಡ್ಡ ಕೊರಿಜೆಂಡಂ (ಟೆಂಡರ್ ತಿದ್ದುಪಡಿ) ಬಂದರೆ ಗಡುವು ವಿಸ್ತರಣೆಯನ್ನು ಅಂದೇ ಕೇಳಿ.

ಬಿಡ್ ಹಾಕಿದ ಮೇಲೆ ತಾಂತ್ರಿಕವಾಗಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ಕರ್ನಾಟಕದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ (ಕೆಟಿಪಿಪಿ) ಕಲಂ 13ರಡಿಯ, ಟೆಂಡರ್ ಅಂಗೀಕಾರದ ಆದೇಶದ ವಿರುದ್ಧ ಕಲಂ 16ರಡಿ ಮೇಲ್ಮನವಿಗೆ, ಆದೇಶ ಕೈಸೇರಿದ ದಿನದಿಂದ 30 ದಿನ ಅವಕಾಶವಿದೆ. ಷರತ್ತಿನ ಬಗ್ಗೆಯೇ ತಕರಾರಿದ್ದರೆ ಹೈಕೋರ್ಟ್‌ನಲ್ಲಿ ರಿಟ್ ಹಾಕಬಹುದು. ಆದರೆ 1994ರ ಟಾಟಾ ಸೆಲ್ಯುಲಾರ್ ತೀರ್ಪಿನಿಂದ ಈಚೆಗೆ ನ್ಯಾಯಾಲಯ ನೋಡುವುದು ತೀರ್ಮಾನಕ್ಕೆ ಬಂದ ಹಾದಿಯನ್ನು, ತೀರ್ಮಾನ ಜಾಣತನದ್ದೋ ಅಲ್ಲವೋ ಎನ್ನುವುದನ್ನಲ್ಲ. ಬಾಯಿ ಮುಚ್ಚಿಕೊಂಡು ಬಿಡ್ ಹಾಕಿ, ಸೋತ ಮೇಲೆ ಷರತ್ತು ಸರಿಯಿಲ್ಲ ಎಂದವರ ಅರ್ಜಿ ಅಲ್ಲಿ ನಿಲ್ಲುವುದು ಅಪರೂಪ. ನಿಮ್ಮ ಪ್ರೀ-ಬಿಡ್ ಕೋಷ್ಟಕವೇ ಆಗ ಮೊದಲ ಅಡಕ.